ಒಂಬತ್ತು ವಾಲ್ಕಿರಿಯರು, ಒಂದು ಟ್ರೋಫಿ: ಕಲಬುರಗಿಯ ಬೇಸಿಗೆಯಲ್ಲಿ ಆಡಿದ ‘ಗಾಡ್ ಆಫ್ ವಾರ್’

ಸಾಂಟಾ ಮೋನಿಕಾ ಸ್ಟುಡಿಯೋ ರೂಪಿಸಿದ ‘ಗಾಡ್ ಆಫ್ ವಾರ್’ ಆಟ ಪ್ಲೇಸ್ಟೇಷನ್ 4ಕ್ಕೆ ಬಂದದ್ದು 2018ರ ಏಪ್ರಿಲ್ 20ರಂದು; ಕಂಪ್ಯೂಟರಿಗೆ ಬಂದದ್ದು 2022ರ ಜನವರಿ 14ರಂದು. ಕಲಬುರಗಿಯಂತಹ ಊರಿನಲ್ಲಿ ಕನ್ಸೋಲ್ ಕೊಂಡವರಿಗಿಂತ ಮಕ್ಕಳ ಓದಿಗೆಂದು ಕಂಪ್ಯೂಟರ್ ತಂದವರೇ ಹೆಚ್ಚು. ಹೀಗಾಗಿ ನಮ್ಮ ಕಡೆಯ ಎಷ್ಟೋ ಆಟಗಾರರ ಪಾಲಿಗೆ ಈ ಆಟ ಬಿಡುಗಡೆಯಾದದ್ದು ಆ ಎರಡನೆಯ ದಿನವೇ ಎನ್ನಬೇಕು. ಅದರ ಕಥೆಯ ಬಗ್ಗೆ, ಚಿತ್ರಣದ ಬಗ್ಗೆ, 2018ರ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅದು ವರ್ಷದ ಆಟವೆಂಬ ಗೌರವ ಪಡೆದದ್ದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನಾನು ಇಲ್ಲಿ ಎತ್ತಿಕೊಳ್ಳುವುದು ಒಂದೇ ಭಾಗವನ್ನು: ಒಂಬತ್ತು ಮಂದಿ ವಾಲ್ಕಿರಿಯರನ್ನೂ (ನಾರ್ಸ್ ಪುರಾಣದ ರೆಕ್ಕೆಯುಳ್ಳ ಯೋಧೆಯರು) ಸೋಲಿಸಿದವರಿಗೆ ದೊರೆಯುವ ‘ಚೂಸರ್ ಆಫ್ ದ ಸ್ಲೇನ್’ ಎಂಬ ಟ್ರೋಫಿಯನ್ನು, ಅಂದರೆ ಆಟ ಕೊಡುವ ಸಾಧನೆಯ ಗುರುತನ್ನು. ಕಥೆ ಮುಗಿಯಿತೆಂದು ಆಟವನ್ನು ಅಲ್ಲಿಗೇ ಬಿಟ್ಟವರು ಕೊಟ್ಟ ಹಣದ ಅರ್ಧ ಬೆಲೆಯನ್ನಷ್ಟೇ ಪಡೆದಿದ್ದಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಟ್ರೋಫಿಗಾಗಿ ಮಾಡಬೇಕಾದ ಕಾದಾಟಗಳಲ್ಲಿಯೇ ಈ ಆಟದ ನಿಜವಾದ ಕಸುಬು ಕಾಣಸಿಗುತ್ತದೆ.

ಆಟವನ್ನು ನೋಡದವರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಗ್ರೀಸಿನಿಂದ ಬಂದು ಉತ್ತರದ ಹಿಮನಾಡಿನಲ್ಲಿ ನೆಲೆಸಿದ ಕ್ರೇಟೋಸ್, ತೀರಿಹೋದ ಹೆಂಡತಿಯ ಚಿತಾಭಸ್ಮವನ್ನು ಎಲ್ಲ ಲೋಕಗಳಲ್ಲಿಯೂ ಅತಿ ಎತ್ತರವಾದ ಶಿಖರದಿಂದ ತೂರಲು ಮಗ ಅಟ್ರಿಯಸ್‌ನೊಂದಿಗೆ ಹೊರಡುತ್ತಾನೆ. ಕೈಯಲ್ಲಿ ಲೆವಿಯಥನ್ ಎಂಬ ಹಿಮದ ಕೊಡಲಿ ಇದೆ. ಎಸೆದು ಒಂದು ಬಟನ್ ಒತ್ತಿದರೆ ಅದು ಗಾಳಿಯನ್ನು ಸೀಳಿಕೊಂಡು ಮರಳಿ ಅಂಗೈ ಸೇರುತ್ತದೆ. ಎಡಗೈಯಲ್ಲಿ ಮಡಚಿಕೊಳ್ಳುವ ಗುರಾಣಿ, ಅರ್ಧ ದಾರಿ ಕಳೆದ ಮೇಲೆ ಬೆಂಕಿಯ ಬ್ಲೇಡ್‌ಗಳು, ಪಕ್ಕದಲ್ಲಿ ಬಿಲ್ಲು ಹಿಡಿದ ಮಗ. ಕ್ಯಾಮೆರಾ ಆಟಗಾರನ ಹೆಗಲ ಹಿಂದೆಯೇ ನಿಂತಿದ್ದು, ಆರಂಭದಿಂದ ಕೊನೆಯವರೆಗೆ ಒಂದೂ ಕತ್ತರಿ ಬೀಳದೆ ಒಂದೇ ನೋಟವಾಗಿ ಸಾಗುತ್ತದೆ. ಈ ಕ್ಯಾಮೆರಾದ ವಿಷಯಕ್ಕೆ ಮುಂದೆ ಬರುತ್ತೇನೆ, ಏಕೆಂದರೆ ವಾಲ್ಕಿರಿಯರ ಎದುರು ಅದು ಸೊಗಸೂ ಹೌದು, ತೊಡಕೂ ಹೌದು.

ಕಥೆಯ ಹಾದಿಯಲ್ಲಿ ನಡೆದವರಿಗೆ ವಾಲ್ಕಿರಿಯರು ತಾವಾಗಿ ಎದುರಾಗುವುದಿಲ್ಲ. ಅವರಲ್ಲಿ ಹೆಚ್ಚಿನವರು ನಾರ್ಸ್ ದೇವತೆಗಳ ಒಡೆಯ ಓಡಿನ್‌ನ ಗುಪ್ತ ಕೋಣೆಗಳಲ್ಲಿ ಬಂದಿಯಾಗಿದ್ದಾರೆ. ಆ ಕೋಣೆಗಳ ಬಾಗಿಲು ತೆರೆಯಲು ಥಾಮುರ್ ಎಂಬ ದೈತ್ಯನ ಹೆಣದ ಬಳಿ ದೊರೆಯುವ ಮಾಯಾ ಉಳಿ ಬೇಕು. ಕಾರಾ, ಗೈರ್‌ಡ್ರಿಫುಲ್, ಐರ್ ಮತ್ತು ಗುನ್ನರ್ ಮನುಷ್ಯರ ಲೋಕವಾದ ಮಿಡ್‌ಗಾರ್ಡ್‌ನಲ್ಲಿದ್ದಾರೆ; ಓಲ್ರುನ್ ಆಲ್ಫ್‌ಹೈಮ್‌ನಲ್ಲಿಯೂ ರೋಟಾ ಹೆಲ್‌ಹೈಮ್‌ನಲ್ಲಿಯೂ ಇದ್ದಾರೆ. ಬೆಂಕಿಯ ಲೋಕವಾದ ಮುಸ್ಪೆಲ್‌ಹೈಮ್‌ನ ಪಂದ್ಯಗಳನ್ನು ಗೆದ್ದು ಮೇಲೇರಿದರೆ ಗೊಂಡುಲ್, ವಿಷದ ಮಂಜು ಕವಿದ ನಿಫ್ಲ್‌ಹೈಮ್‌ನಲ್ಲಿ ಹಿಲ್ಡರ್. ಈ ಎಂಟು ಜನರ ಶಿರಸ್ತ್ರಾಣಗಳನ್ನು ತಂದು ವಾಲ್ಕಿರಿಯರ ಸಭೆಯ ಸಿಂಹಾಸನಗಳ ಮೇಲಿಟ್ಟಾಗ ಮಾತ್ರ ಅವರ ರಾಣಿ ಸಿಗ್ರುನ್ ಕಾದಾಟಕ್ಕೆ ಇಳಿಯುತ್ತಾಳೆ. ದೋಣಿಯಲ್ಲಿ ಸಾಗುವಾಗ, ಕ್ರೇಟೋಸ್‌ನ ಸೊಂಟದಲ್ಲಿ ನೇತಾಡುವ ಮಾತಾಡುವ ರುಂಡ ಮಿಮಿರ್ ಹೇಳುವ ಮಾತುಗಳಿಗೆ ಕಿವಿಗೊಟ್ಟರೆ ಇವರು ದುಷ್ಟರಲ್ಲವೆಂಬುದು ತಿಳಿಯುತ್ತದೆ. ಓಡಿನ್‌ನ ಶಾಪದಿಂದ ದೇಹವೆಂಬ ಪಂಜರದಲ್ಲಿ ಸಿಕ್ಕಿಕೊಂಡು ಬುದ್ಧಿ ಕಳೆದುಕೊಂಡವರು ಅವರು. ಸೋತ ಬಳಿಕ ಒಬ್ಬೊಬ್ಬಳೂ ಕೃತಜ್ಞತೆ ಹೇಳಿಯೇ ಮರೆಯಾಗುತ್ತಾಳೆ. ಹೊಡೆತದಲ್ಲಿಯೇ ಬಿಡುಗಡೆ ಇದೆ ಎಂಬ ಈ ಏರ್ಪಾಡಿನಿಂದಾಗಿ ಕಾದಾಟಕ್ಕೆ ಒಂದು ಗಾಂಭೀರ್ಯ ಒದಗಿದೆ. ಎದುರಾಳಿಯನ್ನು ದ್ವೇಷಿಸದೆ ಸೋಲಿಸಬೇಕಾದ ಇಂತಹ ಸಂದರ್ಭ ಹೊಡೆದಾಟದ ಆಟಗಳಲ್ಲಿ ಅಪರೂಪ.

ಈಗ ಮುಖ್ಯ ವಿಷಯ. ಈ ಟ್ರೋಫಿ ಕಷ್ಟವೆಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ಆ ಕಷ್ಟ ಎಂತಹದು ಎಂಬುದನ್ನು ಹೇಳುವವರು ಕಡಿಮೆ. ಬಟನ್‌ಗಳನ್ನು ಬಡಬಡನೆ ಒತ್ತುವ ವೇಗ ಇಲ್ಲಿ ಹೆಚ್ಚು ದೂರ ಕರೆದೊಯ್ಯುವುದಿಲ್ಲ. ಎದುರಾಳಿಯ ಮೈಯನ್ನು ಓದುವ ತಾಳ್ಮೆ ಇದ್ದವರಿಗೆ, ನಿಧಾನಿಗಳಾಗಿದ್ದರೂ, ದಾರಿ ತೆರೆದುಕೊಳ್ಳುತ್ತದೆ. ನಮ್ಮ ಕಡೆಯ ತಾಲೀಮಿನಲ್ಲಿ ವಸ್ತಾದರು ಹೊಸ ಹುಡುಗನಿಗೆ ಪಟ್ಟು ಹೇಳಿಕೊಡುವ ಮೊದಲು ಎದುರಿನವನ ಕಾಲು ನೋಡುವುದನ್ನು ಕಲಿಸುತ್ತಾರೆ. ಈ ಆಟವೂ ಅದೇ ಕ್ರಮದಲ್ಲಿ ಪಾಠ ಹೇಳುತ್ತದೆ.

ಆಟದ ಭಾಷೆ ಸರಳ. ವೈರಿ ಹೊಡೆಯಲು ಸಜ್ಜಾದಾಗ ಕಾಣಿಸಿಕೊಳ್ಳುವ ಬೆಳಕಿನ ವರ್ತುಲ ಎಲ್ಲವನ್ನೂ ಹೇಳಿಬಿಡುತ್ತದೆ. ವರ್ತುಲವೇ ಇಲ್ಲದಿದ್ದರೆ ಅದು ಸಾಮಾನ್ಯ ಹೊಡೆತ, ಗುರಾಣಿ ಹಿಡಿದರೆ ಸಾಕು. ಹಳದಿ ವರ್ತುಲ ಮೂಡಿದರೆ ಸುಮ್ಮನೆ ಗುರಾಣಿ ಹಿಡಿದು ನಿಂತವರ ತಡೆ ಮುರಿದುಬೀಳುತ್ತದೆ, ಆದರೆ ಹೊಡೆತ ಬಂದು ತಾಗುವ ಕ್ಷಣಕ್ಕೆ ಸರಿಯಾಗಿ ಗುರಾಣಿ ಎತ್ತಿದವರು ಅದನ್ನು ಹಿಂದಕ್ಕೆ ತಳ್ಳಬಲ್ಲರು. ಆಟಗಾರರು ಇದನ್ನು ಪ್ಯಾರಿ ಎನ್ನುತ್ತಾರೆ. ಕೆಂಪು ವರ್ತುಲ ಬಂದರೆ ಗುರಾಣಿಯ ಮಾತೇ ಇಲ್ಲ, ಜಾಗ ಬಿಟ್ಟು ಸರಿಯಬೇಕು. ಬಟನ್ ಅನ್ನು ಒಮ್ಮೆ ಒತ್ತಿದರೆ ಒಂದು ಹೆಜ್ಜೆಯ ಸರಿತ, ಎರಡು ಸಲ ಒತ್ತಿದರೆ ಉರುಳುವಿಕೆ; ಯಾವ ಹೊಡೆತಕ್ಕೆ ಹೆಜ್ಜೆ ಸಾಕು, ಯಾವುದಕ್ಕೆ ಉರುಳಲೇಬೇಕು ಎಂಬ ಅಂದಾಜೇ ಅರ್ಧ ವಿದ್ಯೆ. ಈ ನಿಯಮಗಳು ಮೊದಲ ಗಂಟೆಯಿಂದಲೇ ಜಾರಿಯಲ್ಲಿರುತ್ತವೆ, ಆದರೆ ಕಥೆಯ ಕಾದಾಟಗಳಲ್ಲಿ ಅವನ್ನು ಅಷ್ಟಾಗಿ ಲೆಕ್ಕಿಸದೆಯೂ ಗೆದ್ದುಬಿಡಬಹುದು. ವಾಲ್ಕಿರಿಯರ ಎದುರು ಹಾಗೆ ಪಾರಾಗುವ ದಾರಿ ಇಲ್ಲ.

ನನಗೆ ಮೆಚ್ಚಿಗೆಯಾದದ್ದು ಎಂಟು ಕಾದಾಟಗಳನ್ನು ಪಾಠಗಳಂತೆ ಹಂಚಿರುವ ರೀತಿ. ಕಾರಾ ತನ್ನ ನೆರವಿಗೆ ಡ್ರಾಗರ್‌ಗಳೆಂಬ ಪ್ರೇತಸೈನಿಕರನ್ನು ಕರೆಯುತ್ತಾಳೆ. ಆಕೆಯ ಮೇಲೆ ಒಂದು ಕಣ್ಣಿಟ್ಟುಕೊಂಡೇ ಅವರನ್ನು ಬೇಗ ಮುಗಿಸುವುದು ಅಲ್ಲಿಯ ಪಾಠ. ರೋಟಾ ಮೇಲಕ್ಕೆ ಹಾರಿ ‘ವಲ್ಹಲ್ಲಾ’ ಎಂದು ಕೂಗಿ ನೆತ್ತಿಯ ಮೇಲೆ ಎರಗುತ್ತಾಳೆ. ಅಲ್ಲಿ ಕಣ್ಣಿಗಿಂತ ಕಿವಿಯನ್ನು ನಂಬಲು ಕಲಿಯಬೇಕು. ಗೊಂಡುಲ್‌ಳ ಬೆಂಕಿ ಮತ್ತು ಹಿಲ್ಡರ್‌ಳ ಹಿಮ ದೂರದಿಂದಲೇ ಬರುತ್ತವೆಯಾದ್ದರಿಂದ ಹಿಂದೆ ಸರಿದು ಉಸಿರಾಡಿಕೊಳ್ಳುವ ಅಭ್ಯಾಸ ಅವರ ಮುಂದೆ ನಡೆಯದು. ಗೊಂಡುಲ್‌ಳ ಎದುರು ಹಿಮದ ಕೊಡಲಿಯೂ ಹಿಲ್ಡರ್‌ಳ ಎದುರು ಬೆಂಕಿಯ ಬ್ಲೇಡ್‌ಗಳೂ ನನಗೆ ಹೆಚ್ಚು ಒದಗಿ ಬಂದವು. ಯಾರನ್ನು ಮೊದಲು ಎದುರಿಸಬೇಕು ಎಂಬ ಕಟ್ಟುಪಾಡನ್ನು ಆಟ ವಿಧಿಸುವುದಿಲ್ಲ. ಹೊಸಬರು ಗುನ್ನರ್‌ಳಿಂದ ಆರಂಭಿಸುವುದು ಮೇಲು. ಆಕೆಯ ಹೊಡೆತಗಳು ಸ್ಪಷ್ಟವಾಗಿವೆ, ಒಂದಕ್ಕೂ ಮತ್ತೊಂದಕ್ಕೂ ನಡುವೆ ಯೋಚಿಸಲು ಎಡೆ ಸಿಗುತ್ತದೆ. ಒಬ್ಬಳಿಂದ ಏಟು ತಿಂದು ತಿಂದು ಬೇಸರ ಬಂದರೆ ಅವಳನ್ನು ಬಿಟ್ಟು ಇನ್ನೊಬ್ಬಳ ಕಡೆ ಹೋಗಬಹುದು, ಅಲ್ಲಿ ಕಲಿತದ್ದನ್ನು ಇಲ್ಲಿಗೆ ತರಬಹುದು. ಇಂತಹ ಸ್ವಾತಂತ್ರ್ಯ ಇರುವುದರಿಂದಲೇ ಕಷ್ಟ ಹಟಕ್ಕೆ ಬಿದ್ದಂತೆ ಕಾಣುವುದಿಲ್ಲ.

ಸಿಗ್ರುನ್ ಹೊಸದೇನನ್ನೂ ತರುವುದಿಲ್ಲ ಎಂದರೆ ಆಶ್ಚರ್ಯವಾಗಬಹುದು. ಎಂಟು ಜನರಲ್ಲಿ ಹಂಚಿಹೋಗಿದ್ದ ಹೊಡೆತಗಳನ್ನೇ ಆಕೆ ಒಬ್ಬಳೇ ಬಳಸುತ್ತಾಳೆ; ಆದರೆ ಒಂದರ ಬಾಲಕ್ಕೆ ಇನ್ನೊಂದನ್ನು ಪೋಣಿಸುತ್ತಾಳೆ, ನಡುವಿನ ಬಿಡುವನ್ನು ಕಿತ್ತುಕೊಳ್ಳುತ್ತಾಳೆ. ರೆಕ್ಕೆಯ ಬೀಸು ಮುಗಿಯಿತೆಂದು ಕೊಡಲಿ ಎತ್ತುವಷ್ಟರಲ್ಲಿ ಆಕೆ ನೆಲ ಬಿಟ್ಟು ಮೇಲೇರಿರುತ್ತಾಳೆ. ಅಂಗಳದ ನಡುವೆ ನೆರಳು ಮಾತ್ರ ಉಳಿಯುತ್ತದೆ, ಕೂಗು ಕೇಳಿಸುತ್ತದೆ. ಕೂಗು ಕೇಳಿದೊಡನೆ ಉರುಳಿದರೆ ಬೇಗವಾಯಿತು, ಆಕೆ ಗುರಿ ತಿದ್ದಿಕೊಂಡು ಎರಗುತ್ತಾಳೆ. ಒಂದು ಉಸಿರಿನಷ್ಟು ತಡೆದು ಪಕ್ಕಕ್ಕೆ ಉರುಳಿದರೆ ಪಾದಗಳು ಬರಿ ನೆಲಕ್ಕೆ ಬಡಿಯುತ್ತವೆ. ತಡೆದದ್ದು ಹೆಚ್ಚಾದರೆ ಆಕೆ ಕ್ರೇಟೋಸ್‌ನನ್ನು ನೆಲಕ್ಕೆ ಕೆಡವಿ ತುಳಿಯುತ್ತಾಳೆ, ಉಳಿದ ಪ್ರಾಣವನ್ನು ತೋರಿಸುವ ಹೆಲ್ತ್ ಬಾರ್‌ನ ದೊಡ್ಡ ಪಾಲು ಅಲ್ಲಿಗೇ ಹೋಯಿತು. ಪಾದ ನೆಲಕ್ಕೆ ಬಡಿದ ಆ ಕ್ಷಣದಲ್ಲಿ ಆಕೆಯ ಮೈ ತೆರೆದಿರುತ್ತದೆ. ಎರಡು ಏಟು ಹಾಕಿ ಹಿಂದೆ ಸರಿಯಬೇಕು. ಮೂರನೆಯದಕ್ಕೆ ಆಸೆಪಟ್ಟವರಿಗೆ ಮರುಹೊಡೆತ ಸಿದ್ಧವಾಗಿರುತ್ತದೆ. ಇಡೀ ಕಾದಾಟ ಹೀಗೆ ಎರಡೆರಡು ಏಟುಗಳ ಲೆಕ್ಕದಲ್ಲಿ ನಡೆಯುತ್ತದೆ, ಆಕೆಯ ಹೆಲ್ತ್ ಬಾರ್ ಮಾತ್ರ ಬಹಳ ಉದ್ದ.

ನನ್ನ ಕಾಕಾನ ಮಗ ಪಿಯುಸಿ ಓದುತ್ತಿದ್ದಾನೆ. ಒಂದು ಸಂಜೆ ಪಕ್ಕದಲ್ಲಿ ಕೂತು ನಾನು ಆಡುವುದನ್ನು ನೋಡುತ್ತಿದ್ದವನು, “ಅಣ್ಣಾ, ಹೊಡೀಲಾಕ ಗಡಿಬಿಡಿ ಮಾಡಬ್ಯಾಡ, ಮೊದ್ಲ ಆಕಿ ರೆಕ್ಕಿ ಕಡಿ ನೋಡು” ಎಂದ. ಈ ಕಾದಾಟದ ಬಗ್ಗೆ ಇದಕ್ಕಿಂತ ಚೊಕ್ಕವಾದ ಸಲಹೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಕೈಯಲ್ಲಿ ಕಂಟ್ರೋಲರ್ ಇದ್ದವನ ಕಣ್ಣು ಸಹಜವಾಗಿ ಕ್ರೇಟೋಸ್‌ನ ಮೇಲೆ, ಇಲ್ಲವೇ ಹೆಲ್ತ್ ಬಾರ್‌ನ ಮೇಲೆ ನೆಡುತ್ತದೆ; ಹೊರಗೆ ಕೂತವನಿಗೆ ರೆಕ್ಕೆ ಕಾಣುತ್ತದೆ. ರೆಕ್ಕೆ ಹೇಗೆ ಮಡಚಿತು, ಯಾವ ಕಡೆಗೆ ಹೊರಳಿತು ಎಂಬುದರಿಂದ ಬರಲಿರುವ ಹೊಡೆತವನ್ನು ವರ್ತುಲ ಮೂಡುವ ಮೊದಲೇ ಊಹಿಸಬಹುದು. ಹಾಗೆ ಊಹಿಸಲು ಬಂದ ಮೇಲೆ ಸಿಗ್ರುನ್‌ಳ ವೇಗ ಕಡಿಮೆಯಾದಂತೆಯೇ ಅನಿಸತೊಡಗುತ್ತದೆ. ಆಕೆಯ ವೇಗ ಅಷ್ಟೇ ಇರುತ್ತದೆ, ನಮ್ಮ ತಿಳಿವಳಿಕೆ ಮುಂದೆ ಹೋಗಿರುತ್ತದೆ. ಗೆದ್ದ ದಿನ ನನಗಿಂತ ಹೆಚ್ಚು ಕುಣಿದವನು ಅವನೇ.

ಸಿದ್ಧತೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಬರಿ ಕೈಚಳಕದಿಂದ ಈ ಟ್ರೋಫಿ ದಕ್ಕುವುದು ಬಲು ವಿರಳ. ಬ್ರಾಕ್ ಮತ್ತು ಸಿಂಡ್ರಿ ಎಂಬ ಕಮ್ಮಾರ ಸೋದರರ ಅಂಗಡಿಯಲ್ಲಿ ಮರುಜೀವದ ಕಲ್ಲು ದೊರೆಯುತ್ತದೆ. ಒಮ್ಮೆಗೆ ಒಂದನ್ನಷ್ಟೇ ಇಟ್ಟುಕೊಳ್ಳಬಹುದು; ಬಿದ್ದಾಗ ಅಟ್ರಿಯಸ್ ಅದನ್ನು ಬಳಸಿ ಅಪ್ಪನನ್ನು ಎಬ್ಬಿಸುತ್ತಾನೆ. ಇದಿಲ್ಲದೆ ವಾಲ್ಕಿರಿಯರ ಕೋಣೆಗೆ ಕಾಲಿಡಬಾರದು. ಅದಕ್ಕಿಂತಲೂ ನಾನು ಹೆಚ್ಚು ನೆಚ್ಚಿಕೊಂಡದ್ದು ಕ್ವಾಸಿರ್‌ನ ತಾಯತವನ್ನು: ಹೊಡೆತ ತಾಗುವ ಕೊನೆಯ ಕ್ಷಣದಲ್ಲಿ ಸರಿದುಕೊಂಡರೆ ಅದು ಕೆಲ ಹೊತ್ತು ವೈರಿಯ ಚಲನೆಯನ್ನು ನಿಧಾನಗೊಳಿಸುತ್ತದೆ. ಇದು ಹಿಂಬಾಗಿಲ ಸಹಾಯದಂತೆ ಕಾಣಬಹುದು, ಆದರೆ ಸರಿಯಾಗಿ ನೋಡಿದವನಿಗಷ್ಟೇ ಸಿಗುವ ಬಹುಮಾನ ಅದು. ಗಾಬರಿಯಿಂದ ಮೊದಲೇ ಓಡಿದವನಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಅಟ್ರಿಯಸ್‌ನ ಬಾಣಗಳನ್ನು ಹಲವರು ಮರೆತೇಬಿಡುತ್ತಾರೆ. ಬಾಣಗಳು ವೈರಿ ಎಷ್ಟು ತತ್ತರಿಸಿದ್ದಾನೆಂದು ತೋರಿಸುವ ಸ್ಟನ್ ಪಟ್ಟಿಯನ್ನು ಮೆಲ್ಲಮೆಲ್ಲನೆ ತುಂಬುತ್ತವೆ, ಅದರಲ್ಲಿಯೂ ಬೆಳಕಿನ ಬಾಣಗಳು ಬೇಗ ತುಂಬುತ್ತವೆ. ತುಂಬಿದಾಗ ಒಂದು ದೊಡ್ಡ ಹೊಡೆತಕ್ಕೆ ಅವಕಾಶ ಸಿಗುತ್ತದೆ. ತಾನು ಸರಿದುಕೊಳ್ಳುತ್ತಿರುವಾಗಲೂ ಮಗನಿಗೆ ಬಾಣ ಬಿಡಲು ಹೇಳುತ್ತಲೇ ಇರುವ ಅಭ್ಯಾಸ ಬೆಳೆಸಿಕೊಂಡರೆ ಕಾದಾಟ ಗಣನೀಯವಾಗಿ ಚಿಕ್ಕದಾಗುತ್ತದೆ. ಕ್ರೇಟೋಸ್‌ನ ರೌದ್ರಾವೇಶವಾದ ಸ್ಪಾರ್ಟನ್ ರೇಜ್ ಅನ್ನು ಸಿಟ್ಟು ತೀರಿಸಿಕೊಳ್ಳಲು ಬಳಸದೆ, ಪ್ರಾಣ ಕಡಿಮೆಯಾದಾಗ ಬಳಸಬೇಕು, ಏಕೆಂದರೆ ಆ ಸ್ಥಿತಿಯಲ್ಲಿ ಹೊಡೆದ ಪ್ರತಿ ಏಟಿಗೂ ಒಂದಿಷ್ಟು ಹೆಲ್ತ್ ಮರಳುತ್ತದೆ. ಕವಚ ಯಾವುದು ಎಂಬ ಚರ್ಚೆ ಆಟಗಾರರಲ್ಲಿ ಮುಗಿಯುವಂಥದ್ದಲ್ಲ. ನಿಫ್ಲ್‌ಹೈಮ್‌ನಲ್ಲಿ ಸಂಪಾದಿಸುವ ಇವಾಲ್ಡಿ ಕವಚಗಳು ನನಗೆ ಒಪ್ಪಿದವು. ಆಯುಧಗಳ ವಿಶೇಷ ಹೊಡೆತಗಳಾದ ರೂನಿಕ್ ದಾಳಿಗಳಲ್ಲಿ ಬೇಗ ಮುಗಿಯುವಂಥವನ್ನೇ ಆರಿಸಿಕೊಳ್ಳುವುದು ಒಳ್ಳೆಯದು, ಸಿಗ್ರುನ್ ದೀರ್ಘವಾದ ಭಂಗಿಗಳಿಗೆ ಕಾಲಾವಕಾಶ ಕೊಡುವವಳಲ್ಲ.

ಇನ್ನು ಕಲಬುರಗಿಯಲ್ಲಿ ಆಡುವವರು ಗಮನಿಸಲೇಬೇಕಾದ ಸಂಗತಿಗಳು. ಬೆಂಗಳೂರಿನ ತಂಪಿನಲ್ಲಿ ಕೂತು ಬರೆದ ವಿಮರ್ಶೆಗಳಲ್ಲಿ ಇವು ಕಾಣುವುದಿಲ್ಲ. ಈ ಆಟದ ಕಂಪ್ಯೂಟರ್ ಆವೃತ್ತಿಗೆ ಕನಿಷ್ಠ ಜಿಟಿಎಕ್ಸ್ 960ರ 4 ಜಿಬಿ ಕಾರ್ಡ್, 8 ಜಿಬಿ ರ್‍ಯಾಮ್ ಮತ್ತು 70 ಜಿಬಿ ಜಾಗ ಬೇಕೆಂದು ಕಂಪನಿ ಹೇಳುತ್ತದೆ. ಜಿಟಿಎಕ್ಸ್ 1060ರ 6 ಜಿಬಿ ಕಾರ್ಡ್ ಇದ್ದರೆ ಚೆನ್ನ. ಈ ಲೆಕ್ಕ ಸಾಧಾರಣ ಉಷ್ಣಾಂಶದ ಕೋಣೆಗೆ ಸರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಪಾದರಸ 42 ಡಿಗ್ರಿ ದಾಟಿದಾಗ, ಆರ್‌ಸಿಸಿ ಛತ್ತಿನ ಕೆಳಗಿನ ಕೋಣೆಯಲ್ಲಿ ಕಂಪ್ಯೂಟರ್ ಒಳಗೆಳೆದುಕೊಳ್ಳುವ ಗಾಳಿಯೇ ಬಿಸಿಯಾಗಿರುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ತಮ್ಮನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತವೆ, ಅದರಿಂದ ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳು, ಅಂದರೆ ಫ್ರೇಮ್‌ಗಳು, ಏರಿಳಿಯತೊಡಗುತ್ತವೆ. ಕಥೆಯ ಭಾಗದಲ್ಲಿ ಇದು ಕಣ್ಣಿಗೆ ಸ್ವಲ್ಪ ಕಿರಿಕಿರಿ ಎನಿಸಬಹುದು, ಅಷ್ಟೇ. ಸಿಗ್ರುನ್‌ಳ ಮುಂದೆ ಮಾತ್ರ ಇದು ಸೋಲಿಗೇ ಕಾರಣವಾಗುತ್ತದೆ, ಏಕೆಂದರೆ ಪ್ಯಾರಿಯ ಕ್ಷಣವನ್ನು ಕೈ ಕಲಿತಿರುವುದು ಒಂದು ಲಯದ ಮೇಲೆ. ಆ ಲಯವೇ ನಡುವೆ ತಪ್ಪಿದರೆ ಕಲಿತದ್ದು ಉಪಯೋಗಕ್ಕೆ ಬಾರದು.

ಆದ್ದರಿಂದ ನನ್ನ ಸಲಹೆ ಹೀಗಿದೆ: ಹೆಚ್ಚು ಫ್ರೇಮ್‌ಗಳ ಹಿಂದೆ ಬೀಳದೆ ಸ್ಥಿರವಾದ ಫ್ರೇಮ್‌ಗಳನ್ನು ಹುಡುಕಬೇಕು. ನಿಮ್ಮ ಯಂತ್ರ ಮಧ್ಯಾಹ್ನದ ಸೆಕೆಯಲ್ಲಿಯೂ ಕುಗ್ಗದೆ ಕೊಡಬಲ್ಲ ಫ್ರೇಮ್ ಸಂಖ್ಯೆ ಎಷ್ಟೆಂದು ನೋಡಿಕೊಂಡು ಅಲ್ಲಿಗೆ ಮಿತಿ ಹಾಕಿರಿ. ನೆರಳಿನ ಗುಣಮಟ್ಟವನ್ನು ಇಳಿಸಿರಿ. ಕಾದಾಟದ ಅಂಗಳದಲ್ಲಿ ನೆರಳಿನ ಸೊಬಗನ್ನು ನೋಡಲು ಯಾರಿಗೂ ಪುರಸೊತ್ತು ಇರುವುದಿಲ್ಲ. ಚಿಕ್ಕ ಚಿತ್ರವನ್ನು ಹಿಗ್ಗಿಸಿ ತೋರಿಸಿ ಕಾರ್ಡಿನ ಹೊರೆ ಇಳಿಸುವ ಡಿಎಲ್‌ಎಸ್‌ಎಸ್ ಮತ್ತು ಎಫ್‌ಎಸ್‌ಆರ್ ಎಂಬ ಎರಡೂ ತಂತ್ರಗಳು ಆಟದಲ್ಲಿ ಇವೆ. ಮೊದಲನೆಯದಕ್ಕೆ ಆರ್‌ಟಿಎಕ್ಸ್ ಕಾರ್ಡ್ ಬೇಕು, ಎರಡನೆಯದು ಹಳೆಯ ಜಿಟಿಎಕ್ಸ್ ಕಾರ್ಡ್‌ಗಳಲ್ಲಿಯೂ ನಡೆಯುತ್ತದೆ, ನಮ್ಮಲ್ಲಿ ಬಹಳ ಜನರಿಗೆ ದಾರಿ ತೋರುವುದು ಇದೇ. ಕೀಬೋರ್ಡ್ ಮತ್ತು ಮೌಸ್‌ನಿಂದ ಆಡಲು ಬರುತ್ತದೆ, ಕೊಡಲಿ ಎಸೆಯಲು ಮೌಸ್‌ನ ಗುರಿ ಚೆನ್ನಾಗಿಯೇ ಇದೆ. ಆದರೂ ಎಲ್ಲ ದಿಕ್ಕುಗಳಿಗೂ ಸರಾಗವಾಗಿ ಸರಿಯಬೇಕಾದ ಈ ಕಾದಾಟಗಳಿಗೆ ವೈರ್ ಇರುವ ಕಂಟ್ರೋಲರ್ ಉತ್ತಮ.

ಕೂಲರ್‌ನ ವಿಷಯ ಕ್ಷುಲ್ಲಕವೆಂದು ಯಾರೂ ತಿಳಿಯಬಾರದು. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಕೂಲರ್ ಇಲ್ಲದೆ ಕೂರಲಾಗದು, ಆದರೆ ಕಿಟಕಿಗೆ ಹಚ್ಚಿದ ದೊಡ್ಡ ಕೂಲರ್‌ನ ಗದ್ದಲದಲ್ಲಿ ವಾಲ್ಕಿರಿಯ ಕೂಗು ಮುಳುಗಿಹೋಗುತ್ತದೆ. ಹಿಂದಿನಿಂದ ಹೊಡೆತ ಬರುವಾಗ ಅಟ್ರಿಯಸ್ ಕೂಗಿ ಎಚ್ಚರಿಸುತ್ತಾನೆ, ಮಿಮಿರ್ ಹೇಳುತ್ತಾನೆ. ಈ ಮಾತುಗಳು ಅಲಂಕಾರಕ್ಕಾಗಿ ಇಟ್ಟವಲ್ಲ, ಆಟದ ಅಂಗವೇ ಅವು. ಹೊರಗಿನ ಸದ್ದನ್ನು ತಡೆಯುವ ಹೆಡ್‌ಫೋನ್ ಹಾಕಿಕೊಂಡ ಮೇಲೆ ಮೇಲಿಂದ ಎರಗುವ ಹೊಡೆತಗಳಿಗೆ ನಾನು ಬಲಿಯಾಗುವುದು ಸ್ಪಷ್ಟವಾಗಿ ಕಡಿಮೆಯಾಯಿತು. ಹಾಗೆಯೇ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಯುಪಿಎಸ್ ಅನಿವಾರ್ಯ. ಇನ್ವರ್ಟರ್ ಇದ್ದರೂ ಕರೆಂಟ್ ಹೋಗಿ ಅದು ಹತ್ತಿಕೊಳ್ಳುವ ಕಣ್ಣೆವೆಯ ಅಂತರದಲ್ಲಿ ಕಂಪ್ಯೂಟರ್ ಮತ್ತೆ ಶುರುವಾಗಬಹುದು. ಆಟ ತಾನಾಗಿ ಸೇವ್ ಮಾಡಿಕೊಳ್ಳುತ್ತದೆ ನಿಜ, ಆದರೆ ಕಾದಾಟದ ನಡುವೆ ಅದು ಉಳಿಸಿಕೊಡುವುದು ಏನೂ ಇಲ್ಲ. ಸಿಗ್ರುನ್‌ಳ ಹೆಲ್ತ್ ಬಾರ್ ಮತ್ತೆ ತುಂಬಿಕೊಂಡೇ ಎದುರು ನಿಲ್ಲುತ್ತದೆ. ಕಾಲೇಜುಗಳ ಸುತ್ತಮುತ್ತ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಆಡುವ ಪಾರ್ಲರ್‌ಗಳನ್ನು ನೆಚ್ಚಿಕೊಂಡ ವಿದ್ಯಾರ್ಥಿಗಳಿಗೆ ಈ ಟ್ರೋಫಿಯನ್ನು ನಾನು ಸೂಚಿಸಲಾರೆ. ಇದು ನಿಧಾನವಾಗಿ, ಸ್ವಂತ ಸೇವ್ ಫೈಲ್‌ನೊಂದಿಗೆ ಕಟ್ಟಿಕೊಳ್ಳಬೇಕಾದದ್ದು. ಗಡಿಯಾರ ನೋಡಿಕೊಂಡು ಆಡಿದರೆ ಕಲಿಕೆ ಕೈಗೂಡದು.

ಕೊರತೆಗಳೂ ಇವೆ, ಅವನ್ನು ಮುಚ್ಚಿಡಬೇಕಿಲ್ಲ. ಹೆಗಲ ಹಿಂದಿನ ಕ್ಯಾಮೆರಾ ಕಥೆಯನ್ನು ಎದೆಗೆ ಹತ್ತಿರ ತರುತ್ತದೆ, ಆದರೆ ಹಾರಾಡುವ ವೈರಿಯನ್ನು ಅದು ಪದೇ ಪದೇ ಪರದೆಯಿಂದ ಹೊರಗೆ ಬಿಡುತ್ತದೆ. ಕಾಣದ ದಿಕ್ಕಿನ ಅಪಾಯ ಸೂಚಿಸಲು ಕ್ರೇಟೋಸ್‌ನ ಸುತ್ತ ಬಾಣದ ಗುರುತುಗಳು ಮೂಡುತ್ತವೆ. ಹೊಡೆತ ಬರುವಾಗ ಕೆಂಪು, ದೂರದಿಂದ ಏನಾದರೂ ಹಾರಿ ಬರುವಾಗ ನೇರಳೆ. ಈ ಗುರುತುಗಳು ನೆರವಾಗುತ್ತವೆ, ಆದರೆ ಕಾರಾಳ ಕೋಣೆಯಂತಹ ಇಕ್ಕಟ್ಟಿನಲ್ಲಿ, ಡ್ರಾಗರ್‌ಗಳ ನಡುವೆ, ಬಿದ್ದ ಏಟು ಯಾರದೆಂದು ತಿಳಿಯದೆ ಸೋಲುವುದುಂಟು. ಓದಿ ಗೆಲ್ಲಬೇಕಾದ ಕಾದಾಟದಲ್ಲಿ ಓದಬೇಕಾದದ್ದೇ ಕಣ್ಣಿಗೆ ಬೀಳದಿದ್ದರೆ ಅದು ಆಟ ತನ್ನ ಮಾತಿಗೆ ತಾನೇ ತಪ್ಪಿದಂತೆ, ಮತ್ತು ಈ ದೂರನ್ನು ನಾನು ಗಂಭೀರವಾಗಿಯೇ ಹೇಳುತ್ತಿದ್ದೇನೆ.

ನಿಫ್ಲ್‌ಹೈಮ್ ನನಗೆ ಹಿಡಿಸಲಿಲ್ಲ. ವಿಷದ ಮಂಜು ಪ್ರಾಣ ತೆಗೆಯುವ ಮೊದಲು ಒಳಗೆ ಓಡಿ ಮಿಸ್ಟ್ ಎಕೋಗಳೆಂಬ ಅಲ್ಲಿನ ನಾಣ್ಯಗಳನ್ನು ಕೂಡಿಹಾಕಿ ಹೊರಬರಬೇಕು, ಮತ್ತೆ ಒಳಗೆ ಹೋಗಬೇಕು. ಹಿಲ್ಡರ್‌ಳ ಕಾದಾಟ ಸೊಗಸಾಗಿದೆ, ಅಲ್ಲಿಗೆ ಮುಟ್ಟುವ ದಾರಿ ಕೂಲಿಯ ಕೆಲಸದಂತಿದೆ. ವಾಲ್ಕಿರಿಯರ ರೂಪದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿರುವುದೂ ಒಂದು ಕೊರತೆಯೇ; ಶಿರಸ್ತ್ರಾಣ ಮತ್ತು ರೆಕ್ಕೆಗಳ ಬದಲಾವಣೆಯಷ್ಟೇ ಸಾಲದು, ಇಷ್ಟು ಮುತುವರ್ಜಿಯಿಂದ ಬೇರೆ ಬೇರೆ ಗುಣ ಕೊಟ್ಟ ಮೇಲೆ ಬೇರೆ ಬೇರೆ ಮುಖವನ್ನೂ ಕೊಡಬಹುದಿತ್ತು. ಕನ್ನಡದ ಸಬ್‌ಟೈಟಲ್ ಇಲ್ಲ. ಮಿಮಿರ್ ದೋಣಿಯಲ್ಲಿ ಹೇಳುವ ಕಥೆಗಳೇ ಈ ಕಾದಾಟಗಳ ಅರ್ಥವಾಗಿರುವಾಗ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನೊಬ್ಬ ಅವನ್ನು ಅರೆಬರೆಯಾಗಿ ಹಿಡಿದುಕೊಂಡು ಮುಂದೆ ಸಾಗಬೇಕಾಗುತ್ತದೆ. ಇಷ್ಟು ದೊಡ್ಡ ಬಂಡವಾಳದ ಆಟಗಳು ನಮ್ಮ ಭಾಷೆಯ ಕಡೆಗೆ ಇನ್ನೂ ತಿರುಗಿ ನೋಡದಿರುವುದು ನನಗೆ ನೋವಿನ ಸಂಗತಿ.

ಕೊನೆಯದಾಗಿ ಕಷ್ಟದ ಮಟ್ಟದ ಪ್ರಶ್ನೆ. ಆಟದಲ್ಲಿ ನಾಲ್ಕು ಮಟ್ಟಗಳಿವೆ: ಕಥೆಯನ್ನಷ್ಟೇ ಬಯಸುವವರಿಗೆ ಒಂದು, ಸಮತೋಲನದ್ದೊಂದು, ಸವಾಲಿನದ್ದೊಂದು, ಎಲ್ಲಕ್ಕಿಂತ ಮೇಲೆ ‘ಗಿವ್ ಮಿ ಗಾಡ್ ಆಫ್ ವಾರ್’. ಮೊದಲ ಮೂರರ ನಡುವೆ ಯಾವಾಗ ಬೇಕಾದರೂ ಬದಲಿಸಬಹುದು. ನಾಲ್ಕನೆಯದನ್ನು ಆರಂಭದಲ್ಲಿಯೇ ಆರಿಸಬೇಕು, ಆರಿಸಿದ ಮೇಲೆ ಬದಲಿಸಲಾಗದು. ಟ್ರೋಫಿ ಮಾತ್ರ ಯಾವ ಮಟ್ಟದಲ್ಲಿ ಗೆದ್ದರೂ ಒಂದೇ. ಕೆಳಗಿನ ಮಟ್ಟದಲ್ಲಿ ಗೆದ್ದದ್ದು ಗೆಲುವೇ ಅಲ್ಲ ಎಂದು ಗೆಳೆಯರ ನಡುವೆ ವಾದಿಸುವವರನ್ನು ನಾನು ಕಂಡಿದ್ದೇನೆ. ಆ ವಾದವನ್ನು ನಾನು ಒಪ್ಪುವುದಿಲ್ಲ. ಮಟ್ಟ ಇಳಿಸಿದಾಗ ಬದಲಾಗುವುದು ಮುಖ್ಯವಾಗಿ ಒಂದು ಏಟಿಗೆ ಹೋಗುವ ಪ್ರಾಣದ ಪ್ರಮಾಣ; ವರ್ತುಲ ಅದೇ, ರೆಕ್ಕೆ ಅದೇ, ಓದಬೇಕಾದದ್ದು ಅಷ್ಟೇ. ಎರಡೇ ಏಟಿಗೆ ಬಿದ್ದುಹೋಗುವವನು ಸಿಗ್ರುನ್‌ಳ ಹೊಡೆತಗಳಲ್ಲಿ ಮೂರನೆಯದನ್ನು ನೋಡುವುದೇ ಇಲ್ಲ, ನೋಡದ್ದನ್ನು ಕಲಿಯುವುದು ಹೇಗೆ? ನನ್ನ ಮಟ್ಟಿಗೆ ಸಮತೋಲನದ ಮಟ್ಟದಲ್ಲಿ ಎಂಟು ಜನರನ್ನು ಕಲಿತು, ಸಿಗ್ರುನ್‌ಳನ್ನೂ ಅಲ್ಲಿಯೇ ಗೆಲ್ಲುವುದು ಸರಿಯಾದ ಕ್ರಮ. ಹೆಚ್ಚಿನ ಸವಾಲು ಬೇಕೆನಿಸಿದರೆ 2018ರ ಆಗಸ್ಟ್‌ನಲ್ಲಿ ಸೇರಿಸಿದ ನ್ಯೂ ಗೇಮ್ ಪ್ಲಸ್ ಇದ್ದೇ ಇದೆ, ಗಳಿಸಿದ ಕವಚ ಮತ್ತು ಆಯುಧಗಳೊಂದಿಗೇ ಮತ್ತೆ ಆರಂಭಿಸಬಹುದು.

ಕೊಳ್ಳುವವರಿಗೆ ಎರಡು ಮಾತು. ಪೂರ್ಣ ಬೆಲೆ ಕೊಡುವ ಅಗತ್ಯವಿಲ್ಲ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಬೇಸಿಗೆ ಮತ್ತು ಚಳಿಗಾಲದ ರಿಯಾಯಿತಿ ಮಾರಾಟಗಳು ನಡೆಯುತ್ತವೆ, ಯುಪಿಐ ಮೂಲಕವೇ ಹಣ ಕಟ್ಟಬಹುದು. ನಿಮ್ಮ ಯಂತ್ರ ತಾಳುತ್ತದೆಯೇ ಎಂಬ ಅನುಮಾನವಿದ್ದರೆ ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಮರಳಿ ಕೇಳಲು ಅವಕಾಶವಿದೆ. 70 ಜಿಬಿ ಡೌನ್‌ಲೋಡ್ ಆಗುವ ಹೊತ್ತು ಆ ಎರಡು ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ. ಆಟದ ಆರಂಭದಲ್ಲಿಯೇ ಮನೆ ಬಾಗಿಲಿಗೆ ಬರುವ ಅಪರಿಚಿತನೊಡನೆ ದೊಡ್ಡದೊಂದು ಕಾದಾಟವಿದೆ. ಮಧ್ಯಾಹ್ನದ ಬಿಸಿಲು ಏರಿದಾಗಲೇ ಅದನ್ನು ಆಡಿ ನೋಡಿರಿ. ಅಲ್ಲಿ ಫ್ರೇಮ್‌ಗಳು ಸ್ಥಿರವಾಗಿ ನಿಂತರೆ ಆಟವನ್ನು ಇಟ್ಟುಕೊಳ್ಳಬಹುದು, ಸೆಟ್ಟಿಂಗ್ ಇಳಿಸಿದ ಮೇಲೂ ಕುಂಟಿದರೆ ಹಣ ಮರಳಿ ಪಡೆದು ಮೊದಲು ಗ್ರಾಫಿಕ್ಸ್ ಕಾರ್ಡ್‌ಗೆ ಕೂಡಿಡುವುದು ಲೇಸು.